ಉಗುರಿನ ಕೆಲಸ, ಕೊಡಲಿಯ ಕೆಲಸ



ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ನಾನಿನ್ನೂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ಕಾಲ. ಮೈಸೂರಿನ ದಕ್ಷಿಣಕ್ಕಿರುವ ಒಂದು ಕಾಡಿನ ರೇಂಜರು ನನ್ನನ್ನು ಕರೆಸಿಕೊಂಡಿದ್ದರು. ಲಂಟಾನ ತೆಗೆಸುವುದಕ್ಕೆಂದು ಅವರಿಗೆ ಒಂದಿಷ್ಟು ದುಡ್ಡು ಬಂದಿತ್ತು. ಫೆಬ್ರವರಿ ಮುಗಿಯುತ್ತ ಬಂದಿತ್ತು, ಮಾರ್ಚ್ 31ರೊಳಗೆ ಲೆಕ್ಕ ಚುಕ್ತಾ ಆಗಬೇಕು. ಜೀಪಿನಿಂದ ಇಳಿದು ಎದುರಿನ ಇಳಿಜಾರು ತೋರಿಸಿದರು. ಆಳೆತ್ತರ ಮೀರಿದ ಲಂಟಾನ. ಒಳಗೆ ಆನೆ ನಿಂತಿದ್ದರೂ ಕಾಣದಷ್ಟು ದಟ್ಟ. “ಎಲ್ಲಿಂದ ಶುರು ಮಾಡಿಸಲಿ ಮೇಷ್ಟ್ರೇ?” ಎಂದರು. ನಾನು ಒಂದು ಗಳಿಗೆಯೂ ಯೋಚಿಸದೆ, “ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದಲೇ” ಎಂದೆ. ಅವರಿಗೂ ಅದೇ ಬೇಕಿತ್ತು. ರಸ್ತೆ ಪಕ್ಕದ ಜಾಗ. ಮೇಲಿನವರು ಬಂದರೆ ಕಣ್ಣಿಗೆ ಬೀಳುತ್ತದೆ. ಜೊತೆಗಿದ್ದ ವಾಚರ್ ಏನೋ ಹೇಳಲು ಬಾಯಿ ತೆರೆದ. ಅಷ್ಟು ಹೊತ್ತಿಗೆ ನಾವಿಬ್ಬರೂ ಜೀಪು ಹತ್ತಿ ಆಗಿತ್ತು.

ಮೂರು ವಾರ ಮಚ್ಚು, ಕೊಡಲಿ, ಗುದ್ದಲಿಗಳ ಕೆಲಸ ನಡೆಯಿತು. ನನ್ನ ವಿದ್ಯಾರ್ಥಿಗಳೂ ಮೂರು ದಿನ ಹೋಗಿ ಮೈಕೈಯೆಲ್ಲ ಗೀರಿಸಿಕೊಂಡು ಬಂದರು. ಪತ್ರಿಕೆಯಲ್ಲಿ ಫೋಟೋ ಬಂತು. ಎರಡು ಮಳೆಗಾಲ ಕಳೆದು ಹೋಗಿ ನೋಡಿದರೆ, ಕಡಿದ ಒಂದೊಂದು ಬುಡದಿಂದಲೂ ಐದಾರು ಚಿಗುರು ಎದ್ದು, ಇಳಿಜಾರು ಮೊದಲಿಗಿಂತ ಒತ್ತಾಗಿ ತುಂಬಿಕೊಂಡಿತ್ತು. ಖರ್ಚಾದ ಹಣಕ್ಕೆ ರಸೀದಿ ಇತ್ತು, ತೋರಿಸಲು ಕಾಡಿರಲಿಲ್ಲ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎಂಬ ಮಾತು ನಮ್ಮಲ್ಲಿದೆ. ಹೊರಗಿನಿಂದ ಬಂದು ನೆಲ, ನೀರು ನುಂಗುವ ಗಿಡ, ಮೀನು, ಹುಳುಗಳ ವಿಚಾರದಲ್ಲಿ ನಾವು ಮಾಡುತ್ತ ಬಂದಿರುವುದು ಹೆಚ್ಚುಕಡಿಮೆ ಇಷ್ಟೇ. ಉಗುರಲ್ಲಿ ಚಿವುಟಬಹುದಾದ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಡಲಿಯೂ ಸಾಲದಾದಾಗ ಯೋಜನೆ, ಟೆಂಡರು, ಉದ್ಘಾಟನೆ. ಯಾವುದಕ್ಕೆ ಮೊದಲು ಕೈ ಹಾಕಬೇಕು, ಯಾವುದನ್ನು ಕಣ್ಣಾರೆ ಕಂಡೂ ಸದ್ಯಕ್ಕೆ ಬಿಡಬೇಕು ಎನ್ನುವುದು ಈ ಸಂಜೆಯ ವಿಷಯ. ಬಿಡುವ ಮಾತು ಆಡಿದರೆ ಪರಿಸರದ ಸಭೆಗಳಲ್ಲಿ ಜನ ಮುಖ ಸಿಂಡರಿಸುತ್ತಾರೆ. ಆದರೂ ಆಡದೆ ವಿಧಿಯಿಲ್ಲ.

*

ಮೊದಲು ಯಾರ ಮೇಲೆ ದೂರು ಎಂಬುದು ತಿಳಿಯಾಗಲಿ. ಹೊರಗಿನದೆಲ್ಲ ಹಗೆಯಲ್ಲ. ಫರಂಗಿಯವರು ತಂದದ್ದು ಪರಂಗಿ ಹಣ್ಣಾಯಿತು. ಸೀಮೆಯಿಂದ ಬಂದದ್ದು ಸೀಮೆಬದನೆ, ಸೀಮೆಹುಣಸೆ. ಬ್ಯಾಡಗಿ ಮೆಣಸಿನಕಾಯಿಯ ತವರು ಮೆಕ್ಸಿಕೊ ಕಡೆ. ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ, ಪೇರಲೆ, ಮುಸುಕಿನ ಜೋಳ ಎಲ್ಲವೂ ಅಟ್ಲಾಂಟಿಕ್ ದಾಟಿ ಬಂದವು. ಇವು ಬೇಲಿ ಹಾರಿ ಕಾಡು ನುಂಗಲಿಲ್ಲ, ನಾವು ನೀರು ಹಾಕಿದಷ್ಟು ದಿನ ಬದುಕಿದವು. ಜೀವವೈವಿಧ್ಯದ ಬಗೆಗಿನ ಅಂತರ ಸರ್ಕಾರಿ ವೇದಿಕೆ ಐಪಿಬಿಇಎಸ್ 2023ರಲ್ಲಿ ಪ್ರಕಟಿಸಿದ ವರದಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಮನುಷ್ಯನ ಕೈಯಿಂದ ತವರು ಬಿಟ್ಟು ಬೇರೆಡೆ ನೆಲೆಯಾದ ಪ್ರಭೇದಗಳು ಸುಮಾರು 37,000. ಅವುಗಳಲ್ಲಿ ಹಾನಿ ಮಾಡುತ್ತಿರುವುದು ದಾಖಲಾದವು 3,500ಕ್ಕೂ ಹೆಚ್ಚು. ಅಂದರೆ ಹತ್ತರಲ್ಲಿ ಒಂದು. ಆ ಒಂದು ಮಾಡುವ ಅನಾಹುತಕ್ಕೆ 2019ರಲ್ಲಿ ಜಗತ್ತು ತೆತ್ತ ಬೆಲೆ 423 ಶತಕೋಟಿ ಡಾಲರಿಗೂ ಮಿಗಿಲು ಎಂದು ಅದೇ ವರದಿ ಅಂದಾಜಿಸಿದೆ. ಆದ್ಯತೆ ಶುರುವಾಗುವುದೇ ಇಲ್ಲಿ: ಹತ್ತರಲ್ಲಿ ಆ ಒಂದನ್ನು ಗುರುತಿಸುವುದರಲ್ಲಿ.

ಆ ಒಂದಕ್ಕೆ ಹೆಸರಿಡುವುದರಲ್ಲಿ ನಮ್ಮ ಜನ ಪಕ್ಷಪಾತ ಮಾಡಿದವರಲ್ಲ. ಬಯಲುಸೀಮೆಯಲ್ಲಿ ಕಾಂಗ್ರೆಸ್ ಹುಲ್ಲು, ಮಲೆನಾಡಿನಲ್ಲಿ ಕಮ್ಯುನಿಸ್ಟ್ ಗಿಡ. ಬಿಟ್ಟ ಜಾಗವನ್ನೆಲ್ಲ ರಾತ್ರೋರಾತ್ರಿ ಹಿಡಿಯುವ ಕಳೆಗಳು ಎರಡೂ. ಉಳಿದ ಪಕ್ಷಗಳಿಗೆ ಅವಕಾಶ ಇನ್ನೂ ಇದೆ.

*

ಈಗ ಉಗುರಿನ ಲೆಕ್ಕಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಕೃಷಿ ಇಲಾಖೆ ದಶಕಗಳ ಕಾಲ ಪರದೇಶಿ ಕಳೆಗಳನ್ನು ಬೇರುಸಹಿತ ನಿರ್ಮೂಲ ಮಾಡಲು ಯತ್ನಿಸಿ, ಅದರ ಕಡತಗಳನ್ನು ಜೋಪಾನವಾಗಿ ಇಟ್ಟಿತ್ತು. ಮಾರ್ಸೆಲ್ ರೆಮಾನೆಕ್ ಮತ್ತು ಮೈಕೆಲ್ ಪಿಟ್‌ಕೇರ್ನ್ ಎಂಬ ಇಬ್ಬರು ಆ ಕಡತಗಳನ್ನು ಕೂತು ಓದಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಳೆ ಹಬ್ಬಿದ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇದ್ದಾಗ ನಿರ್ಮೂಲನೆ ಸಾಮಾನ್ಯವಾಗಿ ಸಾಧ್ಯವಾಗಿತ್ತು. ಒಂದರಿಂದ ನೂರು ಹೆಕ್ಟೇರಿನ ನಡುವೆ ಮೂರರಲ್ಲಿ ಒಂದು ಕಡೆ ಗೆಲುವು. ನೂರರಿಂದ ಸಾವಿರದವರೆಗೆ ನಾಲ್ಕರಲ್ಲಿ ಒಂದು. ಸಾವಿರ ಹೆಕ್ಟೇರು ದಾಟಿತೋ, ಯಾವ ಸರ್ಕಾರವೂ ಕೊಡಬಹುದಾದ ಹಣದಲ್ಲಿ ಅದು ಆಗುವ ಮಾತಲ್ಲ. ಇದು ಶ್ರೀಮಂತ ರಾಜ್ಯದ, ಸಂಬಳ ಸರಿಯಾಗಿ ಬರುವ ಸಿಬ್ಬಂದಿಯ ಕಥೆ. ನಮ್ಮಲ್ಲಿ ಆ ಗೆರೆ ಇನ್ನೂ ಕೆಳಗೇ ಇದ್ದೀತು.

ಒಂದು ಹೆಕ್ಟೇರು ಎಂದರೆ ಎರಡೂವರೆ ಎಕರೆ. ಅಷ್ಟಿರುವಾಗ ಅದು ಸುದ್ದಿಯಲ್ಲ, ಸಮಸ್ಯೆಯೂ ಅಲ್ಲ. ಅಲ್ಲಿಯೇ ಇರುವುದು ತೊಡಕು.

ಕಡಲಿನಿಂದ ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಇಷ್ಟು ನಿಚ್ಚಳವಾದ ಜೋಡಿ ಕಥೆ ನೆಲದ ಮೇಲೆ ನನಗೆ ಸಿಕ್ಕಿಲ್ಲ. ಕಾಲರ್ಪ ಎಂಬ ಹಸಿರು ಪಾಚಿ ಅಲಂಕಾರದ ಮೀನುತೊಟ್ಟಿಗಳಿಗಾಗಿ ಬೆಳೆಸಿದ್ದು. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ, ಮೆಡಿಟರೇನಿಯನ್ ಸಮುದ್ರದ ತಳದಲ್ಲಿ, ಅದು ಸುಮಾರು ಒಂದು ಚದರ ಮೀಟರು ಕಾಣಿಸಿಕೊಂಡಿತು. ಒಬ್ಬ ಮುಳುಗುಗಾರ ಒಂದು ಮಧ್ಯಾಹ್ನದಲ್ಲಿ ಕಿತ್ತು ಚೀಲಕ್ಕೆ ತುಂಬಬಹುದಾಗಿದ್ದಷ್ಟು. ಅಲೆಕ್ಸಾಂಡ್ರ್ ಮೀನೇಸ್ ಎಂಬ ಜೀವವಿಜ್ಞಾನಿ ಎಚ್ಚರಿಸಿದರು. ಆದರೆ ಅದು ಎಲ್ಲಿಂದ ಬಂತು, ಯಾರ ತಪ್ಪು, ನಿಜಕ್ಕೂ ಅಪಾಯವೇ ಎಂಬ ಜಗಳದಲ್ಲೇ ವರ್ಷಗಳು ಕಳೆದವು. ಹೊಸ ಶತಮಾನ ಬರುವ ಹೊತ್ತಿಗೆ ಹಲವು ದೇಶಗಳ ಕರಾವಳಿಗೆ ಸೇರಿ ಸಾವಿರಾರು ಹೆಕ್ಟೇರಿಗೆ ಹಬ್ಬಿತ್ತು. ಅದೇ ಪಾಚಿ 2000ದ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ ಕಂಡಿತು. ಅಲ್ಲಿ ಜಗಳವನ್ನು ಆಮೇಲೆ ಆಡೋಣ ಎಂದರು. ಮೂರು ವಾರದೊಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗೆ ಕ್ಲೋರಿನ್ ಬಿಟ್ಟು, ವರ್ಷಗಟ್ಟಲೆ ಮುಳುಗುಗಾರರನ್ನು ಇಳಿಸಿ ಹುಡುಕಿಸಿದರು. 2006ರಲ್ಲಿ ನಿರ್ಮೂಲವಾಯಿತೆಂದು ಘೋಷಿಸಿದರು. ಖರ್ಚು 70 ಲಕ್ಷ ಡಾಲರಿನ ಆಸುಪಾಸು.

ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಮೆಡಿಟರೇನಿಯನ್ನಿನ ಕೆಲವು ಕಡೆ ಆ ಪಾಚಿ ಆಮೇಲೆ ತಾನಾಗಿಯೇ ಹಿಂಜರಿಯಿತು. ಹಾಗಾದರೆ ಎಪ್ಪತ್ತು ಲಕ್ಷ ದಂಡವೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಮನೆಗೆ ಬೆಂಕಿ ಬಿದ್ದಾಗ, ಮಳೆ ಬಂದರೂ ಬಂದೀತು ಎಂದು ಕೂರುವುದು ಲೆಕ್ಕಾಚಾರವಲ್ಲ.

*

ಲಂಟಾನದ ಕಥೆಯಲ್ಲಿ ಆ ಒಂದು ಚದರ ಮೀಟರಿನ ದಿನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಕಳೆದುಹೋಯಿತು. ಬಣ್ಣ ಬದಲಿಸುವ ಹೂ ಎಂದು ಮೆಚ್ಚಿ ತಂದರು. ನಮ್ಮವರು ಚದುರಂಗಿ ಎಂದು ಚೆಂದದ ಹೆಸರಿಟ್ಟರು. ಬಂಗಲೆಗಳ ಬೇಲಿಯಿಂದ ಬುಲ್‌ಬುಲ್ ಹಕ್ಕಿಯ ಹೊಟ್ಟೆ ಸೇರಿ ಕಾಡಿಗಿಳಿಯಿತು. ನಿನಾದ್ ಮುಂಗಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದ ಹುಲಿ ನೆಲೆಗಳ ಕಾಡುಗಳಲ್ಲಿ ಅದು ಆವರಿಸಿರುವುದು ಸುಮಾರು 1,54,000 ಚದರ ಕಿಲೋಮೀಟರು, ನೂರರಲ್ಲಿ ನಲವತ್ತಕ್ಕೂ ಹೆಚ್ಚು ಪಾಲು. ಕರ್ನಾಟಕದ ಒಟ್ಟು ವಿಸ್ತೀರ್ಣ ಸುಮಾರು 1,92,000 ಚದರ ಕಿಲೋಮೀಟರು ಎಂಬುದನ್ನು ಪಕ್ಕಕ್ಕಿಟ್ಟು ನೋಡಿ. ಹೆಕ್ಟೇರಿನಲ್ಲಿ ಒಂದೂವರೆ ಕೋಟಿ. ಕ್ಯಾಲಿಫೋರ್ನಿಯಾದವರ ಗೆರೆ ಇದ್ದದ್ದು ಸಾವಿರದಲ್ಲಿ.

ಪ್ರಯತ್ನ ಸಾಲದೇ ಹೀಗಾಯಿತು ಎನ್ನುವಂತಿಲ್ಲ. ಶೊನಿಲ್ ಭಾಗವತ್ ಮತ್ತಿತರರು 2012ರಲ್ಲಿ ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳ ಎರಡು ಶತಮಾನದ ಲಂಟಾನ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರು. ಕಡಿದರು, ಸುಟ್ಟರು, ವಿಷ ಸಿಂಪಡಿಸಿದರು, ಹುಳು ಬಿಟ್ಟರು. ಮೂರೂ ದೇಶಗಳಲ್ಲಿ ಗಿಡ ಹಬ್ಬುತ್ತಲೇ ಹೋಯಿತು. ನಮ್ಮಲ್ಲಿ ಹುಳುವಿನ ಪ್ರಯೋಗ 1921ರಷ್ಟು ಹಳೆಯದು. 1941ರಲ್ಲಿ ಡೆಹರಾಡೂನಿಗೆ ತಂದ ಒಂದು ಎಲೆತಿಗಣೆ ತೇಗದ ಹೂವನ್ನೂ ತಿನ್ನುವುದು ಕಂಡು, ಗಾಬರಿಯಾಗಿ ಇಡೀ ಸಂಸಾರವನ್ನೇ ನಾಶ ಮಾಡಿದರು. ಅಷ್ಟರಲ್ಲಿ ಕೆಲವು ತಪ್ಪಿಸಿಕೊಂಡಿದ್ದವು. ಈಗ ದೇಶದ ತುಂಬ ಇವೆ. ತೇಗಕ್ಕೂ ಏನೂ ಆಗಲಿಲ್ಲ, ಲಂಟಾನಕ್ಕೂ ಏನೂ ಆಗಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಬೇರೆಯೇ ರೀತಿ ಹೇಳುತ್ತಾರೆ, ಮತ್ತು ನನ್ನ ತಲೆಯಲ್ಲಿದ್ದ ಆದ್ಯತೆಯ ಕಲ್ಪನೆಯನ್ನು ತಿರುವಿ ಹಾಕಿದ್ದು ಅವರ ಮಾತು. ಅವರ ಹಿರಿಯರು ಬೇಸಿಗೆ ಬಲಿಯುವ ಮುನ್ನ, ಎಲೆ ಉದುರಿದ ಹೊಸದರಲ್ಲಿ, ನೆಲದ ಮೇಲಷ್ಟೇ ಹರಿದು ಹೋಗುವ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಅದು ಮರ ಸುಡುವುದಿಲ್ಲ; ತರಗು ಸುಟ್ಟು, ಅದರ ಜೊತೆ ಆಗಷ್ಟೇ ಹುಟ್ಟಿದ ಲಂಟಾನದ ಸಸಿಗಳನ್ನೂ ಸುಡುತ್ತದೆ. ನೆಲ್ಲಿಮರದ ಮೇಲೆ ಕೂರುವ ಬದನಿಕೆಯೂ ಹತೋಟಿಯಲ್ಲಿರುತ್ತದೆ ಎನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ಅಪರಾಧವಾಯಿತು. ಭರತ್ ಸುಂದರಂ, ಅಂಕಿಲಾ ಹಿರೇಮಠ ಮತ್ತು ಸಂಗಡಿಗರು 1997ರಲ್ಲಿ ಅಳೆದಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ, ಆ ಹನ್ನೊಂದು ವರ್ಷಗಳಲ್ಲಿ ಲಂಟಾನ ಎಷ್ಟು ಮುನ್ನುಗ್ಗಿದೆ ಎಂಬುದು ಅಂಕಿಗಳಲ್ಲೇ ಕಂಡಿತು.

ಹಾಗಾದರೆ ನಾಳೆಯೇ ತರಗು ಬೆಂಕಿ ಇಡಿಸಿಬಿಡೋಣವೇ? ಇಲ್ಲೇ ನೋಡಿ ಮರ್ಮ. ಸೋಲಿಗರೇ ತಲೆಯಾಡಿಸುತ್ತಾರೆ. ಲಂಟಾನ ಆಳೆತ್ತರ ಬೆಳೆದು ಮರಕ್ಕೆ ಏಣಿ ಹಾಕಿ ನಿಂತ ಮೇಲೆ ಅದೇ ಬೆಂಕಿ ನೆಲದ ಮೇಲೆ ನಿಲ್ಲುವುದಿಲ್ಲ, ನೆತ್ತಿಗೇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ನೋಡಿದವರಿಗೆ ಒಣಗಿದ ಲಂಟಾನ ಹೇಗೆ ಉರಿಯುತ್ತದೆ ಎಂದು ವಿವರಿಸಬೇಕಿಲ್ಲ. ಅಜ್ಜನಿಗೆ ಉಗುರಾಗಿದ್ದ ಬೆಂಕಿ ಮೊಮ್ಮಗನಿಗೆ ಕೊಡಲಿಯಾಗಿಯೂ ಉಳಿಯಲಿಲ್ಲ. ಆದ್ದರಿಂದ ಯಾವ ಗಿಡಕ್ಕೆ ಯಾವ ಮದ್ದು ಎಂದು ಕೇಳುವುದು ಅರ್ಧ ಪ್ರಶ್ನೆ. ಯಾವ ಗಿಡಕ್ಕೆ, ಯಾವ ಜಾಗದಲ್ಲಿ, ಅದರ ಯಾವ ವಯಸ್ಸಿನಲ್ಲಿ ಎಂದು ಕೇಳಬೇಕು.

*

ಈ ಪೂರ್ತಿ ಪ್ರಶ್ನೆಯನ್ನು ಹಿಡಿದು ಇವತ್ತಿನ ಬಂಡೀಪುರ, ನಾಗರಹೊಳೆಗೆ ಹೋದರೆ ನನ್ನ ಪಟ್ಟಿಯ ತಲೆಯಲ್ಲಿ ಲಂಟಾನ ಬರುವುದಿಲ್ಲ. ಸೆನ್ನಾ ಸ್ಪೆಕ್ಟಾಬಿಲಿಸ್ ಬರುತ್ತದೆ. ಹಳದಿ ಹೂವಿನ ಮರ, ಹೂ ಬಿಟ್ಟಾಗ ನಿಂತು ನೋಡಬೇಕೆನಿಸುವಷ್ಟು ಚೆಲುವು. 1980ರ ದಶಕದಲ್ಲಿ ವಯನಾಡಿನಲ್ಲಿ ಸಾಮಾಜಿಕ ಅರಣ್ಯೀಕರಣದ ಹೆಸರಿನಲ್ಲಿ ನೆರಳಿಗೆಂದು, ಅಂದಕ್ಕೆಂದು ನೆಟ್ಟರು. ಈಗ ವಯನಾಡು ವನ್ಯಧಾಮದಲ್ಲಿ ಅದರ ಕೆಳಗೆ ಹುಲ್ಲು ಏಳುವುದಿಲ್ಲ. ಜಿಂಕೆ, ಕಾಟಿಗಳಿಗೆ ಅದು ಹಸಿರು ಬಣ್ಣದ ಮರಳುಗಾಡು. ಕಡಿದರೆ ಒಂದು ಬುಡಕ್ಕೆ ಹತ್ತು ಕೊಂಬೆ ಚಿಗುರುತ್ತದೆ. ನಿಂತ ಮರದ ತೊಗಟೆಯನ್ನು ಬುಡದಿಂದ ಎದೆಯೆತ್ತರದವರೆಗೆ ಪೂರ್ತಿ ಸುಲಿದು, ಮತ್ತೆ ಮತ್ತೆ ಬಂದು ಚಿಗುರು ಕಿತ್ತು ಒಣಗಿಸಬೇಕು. ತಾಳ್ಮೆ ಬೇಡುವ ಕೆಲಸ. ಕಾಡಿಗೆ ಗಡಿಯಿಲ್ಲದ್ದರಿಂದ ಮರ ನಮ್ಮ ಕಡೆಗೂ ಬಂದಿದೆ. ಆದರೆ ಲಂಟಾನಕ್ಕೆ ಹೋಲಿಸಿದರೆ ಅದಿನ್ನೂ ತುಣುಕು ತುಣುಕಾಗಿದೆ, ಎಣಿಸಬಹುದಾದ ಕಡೆಗಳಿವೆ. ನನ್ನ ಕೈಯಲ್ಲಿ ಒಂದೇ ರೂಪಾಯಿ ಇದ್ದರೆ ಅದನ್ನು ಮೊದಲು ಆ ತುಣುಕುಗಳ ಅಂಚಿಗೆ ಹಾಕುತ್ತೇನೆ. ಲಂಟಾನದಂತೆ ಇದಕ್ಕೆ ಇನ್ನೂರು ವರ್ಷ ಆಗಿಲ್ಲ. ಆಗಲು ಬಿಡಬೇಕಿಲ್ಲ.

ಲಂಟಾನವನ್ನು ಹಾಗೇ ಬಿಡುವುದೇ ಎಂದು ನೀವು ಕೇಳುತ್ತೀರಿ. ಎಲ್ಲ ಕಡೆ ಅಲ್ಲ. ಸಿಡ್ನಿಯ ಮಾಸ್‌ಮನ್ ಎಂಬ ಬಡಾವಣೆಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು ಇದ್ದರು. 1960ರ ದಶಕದಲ್ಲಿ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ದಿನಾ ವಾಕಿಂಗ್ ಹೋಗುವಾಗ ಕಳೆ ಕೀಳುತ್ತ ಒಂದು ಪದ್ಧತಿಯನ್ನೇ ಕಟ್ಟಿದರು. ಅದರ ತಿರುಳು ಇಷ್ಟು: ಕಾಡು ಎಲ್ಲಿ ಚೆನ್ನಾಗಿದೆಯೋ ಅಲ್ಲಿಂದ ಶುರು ಮಾಡಿ, ಕೆಟ್ಟ ಜಾಗದ ಕಡೆಗೆ ನಿಧಾನವಾಗಿ ಸರಿಯಿರಿ, ನೆಲವನ್ನು ಆದಷ್ಟು ಕೆದಕಬೇಡಿ, ಮೂಲದ ಗಿಡಗಳು ಮರಳಿ ಬರುವ ವೇಗವೇ ನಿಮ್ಮ ವೇಗವಾಗಲಿ. ನಾನು ಅಂದು ರೇಂಜರಿಗೆ ಹೇಳಿದ್ದರ ತದ್ವಿರುದ್ಧ. ಮೂಡಿ ಮತ್ತು ಮ್ಯಾಕ್ ಎಂಬ ಪರಿಸರ ವಿಜ್ಞಾನಿಗಳು 1988ರಲ್ಲಿ ಗಣಿತದ ದಾರಿಯಲ್ಲಿ ಹೋಗಿ ತಲುಪಿದ್ದೂ ಅಲ್ಲಿಗೇ. ದೊಡ್ಡ ಹಿಂಡನ್ನು ಸುತ್ತ ಕತ್ತರಿಸುತ್ತ ಕೂರುವುದಕ್ಕಿಂತ, ದೂರದಲ್ಲಿ ಹೊಸದಾಗಿ ಬೇರೂರಿದ ಚಿಕ್ಕ ಚಿಕ್ಕ ಗುಂಪುಗಳನ್ನು ಮೊದಲು ಹೊಸಕುವುದು ಹಬ್ಬುವಿಕೆಯನ್ನು ಹೆಚ್ಚು ತಡೆಯುತ್ತದೆ. ಏಕೆಂದರೆ ಹತ್ತು ಸಣ್ಣ ವೃತ್ತಗಳ ಅಂಚಿನ ಉದ್ದ ಒಟ್ಟು ಸೇರಿದರೆ ಅಷ್ಟೇ ವಿಸ್ತೀರ್ಣದ ಒಂದು ದೊಡ್ಡ ವೃತ್ತದ್ದಕ್ಕಿಂತ ಹೆಚ್ಚು, ಹಬ್ಬುವುದು ಅಂಚಿನಿಂದಲೇ.

ಹಾಗಾಗಿ ಗಿಡದ ಹೆಸರಿಗಿಂತ ಜಾಗದ ಹೆಸರಿನಿಂದ ಪಟ್ಟಿ ಮಾಡುವುದು ಮೇಲು. ನಾಗರಹೊಳೆಯವರು ಹಡ್ಲು ಎನ್ನುತ್ತಾರಲ್ಲ, ಕಾಡಿನ ನಡುವೆ ತಗ್ಗಿನಲ್ಲಿ ವರ್ಷವಿಡೀ ತೇವ ಹಿಡಿದು ಹುಲ್ಲು ಹಸಿರಾಗಿರುವ ಬಯಲು. ಬೇಸಿಗೆಯಲ್ಲಿ ಇಡೀ ಕಾಡಿನ ಮೇವಿನ ಉಗ್ರಾಣ ಅದು. ಒಂದು ಹಡ್ಲನ್ನು ಕಾಪಾಡಿದರೆ ಸಿಗುವ ಲಾಭ ರಸ್ತೆ ಪಕ್ಕದ ಹತ್ತು ಇಳಿಜಾರು ಬೋಳಿಸಿದರೂ ಸಿಗದು. ನೀರಿನ ತಾವುಗಳ ಸುತ್ತ, ಆನೆ ದಾರಿಗಳು, ಹಾಡಿಯವರು ಜೇನು ನೆಲ್ಲಿ ತರಲು ಹೋಗುವ ಕಾಲುದಾರಿಗಳು, ಕುದುರೆಮುಖ ಬಾಬಾಬುಡನ್‌ಗಿರಿಗಳ ನೆತ್ತಿಯ ಹುಲ್ಲುಗಾವಲು. ಇವು ಮೊದಲು. ಇವುಗಳಲ್ಲೂ ಕಳೆ ಕಡಿಮೆ ಇರುವುದು ಇನ್ನೂ ಮೊದಲು.

ಕೀಳುವ ವಿಧಾನವೂ ಮುಖ್ಯವೇ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ತಂಡ ಕಾರ್ಬೆಟ್ ಹುಲಿಧಾಮದಲ್ಲಿ ತೋರಿಸಿದ ದಾರಿ ಸುಲಭದ್ದು. ಪೊದೆಯ ತಾಯಿಬೇರನ್ನು ಮಣ್ಣಿನಿಂದ ತುಸು ಕೆಳಗೆ ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಒಣಗಲು ಬಿಡುವುದು. ಮಣ್ಣು ಕೆದರುವುದಿಲ್ಲ, ಚಿಗುರುವುದಿಲ್ಲ. ಆದರೆ ಹಕ್ಕಿಗಳು ಬೀಜ ತಂದು ಉದುರಿಸುವುದನ್ನು ಯಾವ ವಿಧಾನವೂ ನಿಲ್ಲಿಸದು. ಎರಡನೆಯ ವರ್ಷ, ಮೂರನೆಯ ವರ್ಷ, ಐದನೆಯ ವರ್ಷ ಹೋಗಿ ಸಸಿ ಕಿತ್ತು ಬರಬೇಕು. ಇದಕ್ಕೆ ಯಂತ್ರ ಬೇಡ, ಟೆಂಡರು ಬೇಡ, ನಾಲ್ಕು ಜನ, ನಾಲ್ಕು ದಿನ. ಕಷ್ಟವೆಂದರೆ ಮೂರನೆಯ ವರ್ಷದ ನಾಲ್ಕು ದಿನಕ್ಕೆ ಹಣ ಕೇಳುವ ಕಾಲಂ ಯಾವ ನಮೂನೆಯಲ್ಲೂ ನಾನು ಕಂಡಿಲ್ಲ. ಹೊಸ ಹೆಕ್ಟೇರಿಗೆ ಹಣವಿದೆ, ಹಳೆಯ ಹೆಕ್ಟೇರಿಗಿಲ್ಲ.

*

ಕೊಡಲಿಯೂ ಸೋತ ಮೇಲೆ ಎಲ್ಲ ಮುಗಿಯಿತೆ ಎಂದರೆ, ಒಂದು ಕಿಟಕಿ ಉಂಟು. ಶತ್ರುವಿನ ತವರಿನಿಂದ ಅದರ ಶತ್ರುವನ್ನು ಕರೆತರುವುದು. ಈ ವಿದ್ಯೆ ಭಾರತದಲ್ಲಿ ಶುರುವಾದದ್ದು ಒಂದು ಎಡವಟ್ಟಿನಿಂದ. 1795ರಲ್ಲಿ ಕೆಂಪು ಬಣ್ಣದ ಆಸೆಗೆ ಬ್ರೆಜಿಲಿನಿಂದ ಕಲ್ಕತ್ತೆಗೆ ಕೊಚಿನೀಲ್ ಹುಳುಗಳನ್ನು ತಂದರು. ಬಂದದ್ದು ತಪ್ಪು ಹುಳು. ಬಣ್ಣ ಕಳಪೆ, ಆದರೆ ಅದು ಪಾಪಾಸುಕಳ್ಳಿಯ ಒಂದು ಜಾತಿಯನ್ನು ಉತ್ತರ ಭಾರತದಲ್ಲಿ ತಿಂದು ಮುಗಿಸಿತು. ದಕ್ಷಿಣದಲ್ಲಿ ಹೊಲಗಳನ್ನು ಮುಚ್ಚಿದ್ದ ಇನ್ನೊಂದು ಜಾತಿಗೆ 1926ರಲ್ಲಿ ಸಿಂಹಳದಿಂದ ಬೇರೆ ಕೊಚಿನೀಲ್ ತಂದರು. ಕೆಲವೇ ವರ್ಷಗಳಲ್ಲಿ ಕಳ್ಳಿ ಬಿದ್ದುಹೋಯಿತು. ಇಂದು ಬೇಲಿಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಪಾಪಾಸುಕಳ್ಳಿ ಕಂಡು ಇದೂ ಒಂದು ಕಾಲದಲ್ಲಿ ಪಿಡುಗಾಗಿತ್ತೇ ಎಂದು ಮಕ್ಕಳು ಕೇಳಿದರೆ, ಅದೇ ಗೆಲುವಿನ ಗುರುತು.

ಬೆಂಗಳೂರಿಗೆ ಈ ವಿದ್ಯೆಯಲ್ಲಿ ದೊಡ್ಡ ಹೆಸರಿದೆ, ಬೆಂಗಳೂರಿಗರಿಗೆ ಅದು ಗೊತ್ತಿಲ್ಲ. ಕೇರಳದ ಕುಟ್ಟನಾಡಿನ ನೀರನ್ನೆಲ್ಲ ಮುಚ್ಚಿದ್ದ ಸಾಲ್ವಿನಿಯಾಕ್ಕೆ ಆಸ್ಟ್ರೇಲಿಯಾದಿಂದ ತರಿಸಿದ ಮೂತಿಹುಳುವನ್ನು 1983–84ರಲ್ಲಿ ಮೊದಲು ಬಿಟ್ಟು ಪರೀಕ್ಷಿಸಿದ್ದು ಬೆಂಗಳೂರಿನ ಒಂದು ತಾವರೆಕೊಳದಲ್ಲಿ. ಹನ್ನೊಂದು ತಿಂಗಳಲ್ಲಿ ಕೊಳ ತಿಳಿಯಾಯಿತು, ಕೇರಳ ಆಮೇಲೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಪರಂಗಿ ತೋಟಗಳನ್ನೂ ರೇಷ್ಮೆಯವರ ಹಿಪ್ಪುನೇರಳೆಯನ್ನೂ ಬೆಳ್ಳಗೆ ಮಾಡಿದ ಹಿಟ್ಟುತಿಗಣೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಪರಾವಲಂಬಿ ಕಣಜ ತರಿಸಿ ಸಾಕಿ ಹಂಚಿದ್ದೂ ಬೆಂಗಳೂರಿನ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಯೇ. ಎರಡೇ ವರ್ಷಗಳ ಅಂತರ. ಹುಳುವಿಗೆ ಇಂಥ ಒಂದು ಶತ್ರು ಜಗತ್ತಿನಲ್ಲಿ ಎಲ್ಲೋ ಈಗಾಗಲೇ ಪರೀಕ್ಷೆ ಪಾಸಾಗಿ ಕೂತಿದೆ ಎಂದಾದರೆ, ಅದನ್ನು ತರುವುದಕ್ಕಿಂತ ಮೇಲಿನ ಆದ್ಯತೆ ಇನ್ನೊಂದಿಲ್ಲ. ಎಷ್ಟೇ ಹಬ್ಬಿದ್ದರೂ ಸರಿ. ಸಣ್ಣದೇ ಮೊದಲು ಎಂಬ ನನ್ನ ವಾದ ಸೋಲುವ ಒಂದೇ ಜಾಗ ಇದು.

ಕಾಂಗ್ರೆಸ್ ಹುಲ್ಲಿನ ಕಥೆ ಅಷ್ಟು ಸುಖಾಂತವಲ್ಲ. 1950ರ ದಶಕದ ನಡುವೆ ಪುಣೆಯಲ್ಲಿ ಕಂಡು, ಮೈ ತುರಿಕೆ ಉಬ್ಬಸಗಳೊಂದಿಗೆ ದಕ್ಷಿಣಕ್ಕೆ ಇಳಿದ ಈ ಕಳೆಗೆ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ದುಂಬಿಯನ್ನು ಬಿಟ್ಟರು. ಮಳೆಗಾಲದಲ್ಲಿ ಎಲೆಯೆಲ್ಲ ಜಾಲರಿಯಾಗುವುದನ್ನು ನೀವೂ ನೋಡಿದ್ದೀರಿ. 1990ರ ದಶಕದ ಆರಂಭದಲ್ಲಿ ಆ ದುಂಬಿ ಸೂರ್ಯಕಾಂತಿಯ ಮೇಲೆ ಕಂಡು ರೈತರು ಹೌಹಾರಿದರು. ಸಮಿತಿ ಕೂತು ಅಪಾಯವಿಲ್ಲ ಎಂದಿತು. 1997ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಭತ್ತದ ವಿಜ್ಞಾನಿ ಎಂ. ಮಹದೇವಪ್ಪನವರ ಕಾಲದಲ್ಲಿ, ಈ ಒಂದು ಕಳೆಗಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಕಳೆ ಮಾತ್ರ ಇನ್ನೂ ಇದೆ. ಅದನ್ನು ಊರಿಂದ ಓಡಿಸುತ್ತೇವೆ ಎಂಬ ಅಭಿಯಾನ ಪ್ರತಿ ವರ್ಷ ಆಗಸ್ಟಿನಲ್ಲಿ ನಡೆಯುವಾಗ ನಾನು ಮನೆಯಲ್ಲೇ ಇರುತ್ತೇನೆ. ಶಾಲೆಯ ಅಂಗಳ, ಆಸ್ಪತ್ರೆಯ ಸುತ್ತ, ಹೊಲದ ಬದು, ಇಷ್ಟು ಸ್ವಚ್ಛವಿದ್ದರೆ ನನಗೆ ಸಾಕು.

ಕೆರೆಗಳ ಜಲಕಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳಚೆ ನೀರು ಬಿಡುತ್ತ ಮೇಲಿಂದ ಯಂತ್ರದಲ್ಲಿ ಬಾಚುವುದು, ಒಲೆ ಉರಿಸುತ್ತ ಉಕ್ಕಿದ ಹಾಲು ಒರೆಸಿದಂತೆ.

*

ಆದ್ಯತೆ ಯಾರದು ಎಂಬ ಪ್ರಶ್ನೆ ಉಳಿದಿದೆ. ಬಳ್ಳಾರಿ ಜಾಲಿಯನ್ನೇ ನೋಡಿ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಕಡಪದ ಕಮಲಾಪುರದ ಬರಡು ನೆಲಕ್ಕೆ ಹಸಿರು ಬರಲೆಂದು ಅದರ ಬೀಜ ತರಿಸಿದರು. ಹಸಿರೇನೋ ಬಂತು. ಕೆರೆಯಂಗಳ, ಗೋಮಾಳ, ಕಾಲುವೆ ದಂಡೆ ಎಲ್ಲ ಅದರದ್ದಾಯಿತು. ಪಕ್ಷಿಪ್ರೇಮಿಗೆ, ದನಗಾಹಿಗೆ ಅದು ಶತ್ರು. ಆದರೆ ಬಯಲುಸೀಮೆಯಲ್ಲಿ ಒಂದು ತುಂಡು ನೆಲವಿಲ್ಲದ ಹೆಂಗಸಿಗೆ ಎರಡು ಹೊತ್ತಿನ ಸೌದೆ ಅದು, ಇದ್ದಿಲು ಸುಡುವವನಿಗೆ ಸಂಬಳ. ಅವರ ಒಲೆಗೆ ಏನು ಎಂದು ಹೇಳದೆ ಜಾಲಿ ಕೀಳುವ ಆದೇಶ ಹೊರಡಿಸುವುದು ನನ್ನ ಮಟ್ಟಿಗೆ ಆದ್ಯತೆಯಲ್ಲ, ಅಧಿಕಾರ.

ಹಾಗೆಂದು ಉಪಯೋಗವನ್ನೇ ಪರಿಹಾರ ಎನ್ನುವವರ ಜೊತೆಗೂ ನಾನಿಲ್ಲ. ಮಲೆಮಹದೇಶ್ವರ ಬೆಟ್ಟದ ಸುತ್ತ ಏಟ್ರೀ ಸಂಸ್ಥೆಯವರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿಸಿದರು. ಬಿದಿರು ಸಿಗದ ಕಾಲದಲ್ಲಿ ಅದು ಒಂದಷ್ಟು ಮನೆಗಳ ಅನ್ನವಾಯಿತು. ಗೂಡಲೂರಿನ ಆದಿವಾಸಿಗಳು ಲಂಟಾನದಿಂದ ಕಟ್ಟಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, ಆಮೇಲೆ ನಮ್ಮ ಲಾಲ್‌ಬಾಗಿಗೂ ಬಂದವು. ಸೊಗಸಾದ ಆನೆಗಳು. ಆದರೆ ಒಂದೂವರೆ ಕೋಟಿ ಹೆಕ್ಟೇರನ್ನು ಕುರ್ಚಿ ಮಾಡಿ ಮುಗಿಸಲಾಗದು. ಮೇಲಾಗಿ ಕೈಗಾರಿಕೆಯೊಂದು ಕಳೆಯ ಮೇಲೆ ನಿಂತರೆ, ಕಳೆ ತೀರದಿರಲಿ ಎಂಬ ಆಸೆಯೂ ಅದರ ಜೊತೆಗೇ ಬೆಳೆಯುತ್ತದೆ. ಬಿಟ್ಟುಕೊಟ್ಟ ಜಾಗಗಳಲ್ಲಿ ಇದು ನಡೆಯಲಿ. ಕಾಪಾಡುವ ಜಾಗಗಳ ಲೆಕ್ಕಕ್ಕೆ ಇದನ್ನು ಸೇರಿಸುವುದು ಬೇಡ.

ಕಾಗದದ ಮೇಲೆ ನಾವೀಗ ಸರಿದಾರಿಯಲ್ಲೇ ಇದ್ದೇವೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿದ ಜಾಗತಿಕ ಜೀವವೈವಿಧ್ಯ ಚೌಕಟ್ಟಿನ ಆರನೆಯ ಗುರಿ, 2030ರೊಳಗೆ ಇಂಥ ಹೊಸ ಪ್ರಭೇದಗಳ ಪ್ರವೇಶವನ್ನು ಅರ್ಧಕ್ಕಿಳಿಸಬೇಕು, ಮುಖ್ಯ ಜಾಗಗಳಿಗೆ ಮೊದಲು ಗಮನ ಕೊಡಬೇಕು ಎನ್ನುತ್ತದೆ. ಅದೇ ವರ್ಷ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಆಕ್ರಮಣಕಾರಿ ಪ್ರಭೇದ ಎಂಬ ಮಾತು ಮೊದಲ ಸಲ ಸೇರಿ, ಅವುಗಳನ್ನು ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿತು. ಆಸ್ಟ್ರೇಲಿಯಾದವರು ಹೊಸ ಗಿಡವೊಂದು ದೇಶದೊಳಗೆ ಬರುವ ಮುನ್ನ 49 ಪ್ರಶ್ನೆ ಕೇಳುತ್ತಾರೆ: ಬೇರೆಲ್ಲಾದರೂ ಕಳೆಯಾಗಿದೆಯೇ, ಹಕ್ಕಿ ಬೀಜ ಒಯ್ಯುತ್ತದೆಯೇ, ಕಡಿದರೆ ಚಿಗುರುತ್ತದೆಯೇ. ನಮ್ಮ ನರ್ಸರಿಯವರು, ರಸ್ತೆ ಬದಿ ಗಿಡ ನೆಡುವವರು, ವನಮಹೋತ್ಸವದ ಸಸಿ ಹಂಚುವವರು ಅದರಲ್ಲಿ ಈ ಮೂರನ್ನು ಕೇಳಿದ್ದರೂ ಸೆನ್ನಾ ವಯನಾಡಿಗೆ ಬರುತ್ತಿರಲಿಲ್ಲ.

ಮತ್ತೆ ಆ ರೇಂಜರ ಕಾಡಿಗೆ. ಅವರು ನಿವೃತ್ತರಾದರು, ನಾನೂ ಆದೆ. ವಾಚರ್ ಇನ್ನೂ ಅಲ್ಲೇ ಇದ್ದಾನೆ. ಕಳೆದ ವರ್ಷ ಹೋದಾಗ ಅವನನ್ನು ಕೇಳಿದೆ: ಅವತ್ತು ಜೀಪು ಹತ್ತುವಾಗ ಏನೋ ಹೇಳಲು ಬಂದೆಯಲ್ಲ, ಏನದು? ಅವನಿಗೆ ನೆನಪಿತ್ತು. ಆ ಇಳಿಜಾರಿನ ಆಚೆ, ಅರ್ಧ ಗಂಟೆಯ ದಾರಿಯಲ್ಲಿ ಒಂದು ಹಡ್ಲಿತ್ತಂತೆ. ಹುಲ್ಲು ಮೊಣಕಾಲೆತ್ತರ, ಸಂಜೆ ಕಾಟಿಗಳು ಇಳಿಯುತ್ತಿದ್ದವಂತೆ. ಅದರ ಅಂಚಿನಲ್ಲಿ ಆಗಷ್ಟೇ ಲಂಟಾನ ಹುಟ್ಟಿತ್ತು. ಬೀಟಿಗೆ ಹೋದಾಗ ಅವನು ಎಣಿಸಿದ್ದ, ಹನ್ನೊಂದು ಪೊದೆ. ಅದನ್ನು ಹೇಳಲು ಬಂದಿದ್ದನಂತೆ.

ಈಗ ಹೋಗೋಣವೇ ನೋಡಲು ಎಂದೆ. “ದಾರಿ ಇಲ್ಲ ಸಾರ್” ಎಂದ.